ಗಾಜನ್ನು ಗಾಜೆಂದೇ ಮಾರೋಣ

ಮೊಬೈಲಿನಲ್ಲಿ ಏನಾದರೊಂದು ಮಾರುವುದು ಈಗ ನಮ್ಮ ಮನೆಗಳಲ್ಲಿ ಹೊಸ ಸಂಗತಿಯಲ್ಲ. ಒಬ್ಬರ ಆಪಾ ಕ್ರಿಸ್ಟಲ್ ಸರ, ಕಿವಿಯೋಲೆ ಮಾರುತ್ತಾರೆ. ಇನ್ನೊಬ್ಬರ ವೈನಿ ಷೋಕೇಸಿನಲ್ಲಿ ಇಡುವ ಪುಟ್ಟ ಗೊಂಬೆಗಳನ್ನು ಮಾರುತ್ತಾರೆ. ವಾಟ್ಸಾಪ್ ಸ್ಟೇಟಸ್‌ನಿಂದ ಶುರುವಾದ ವ್ಯಾಪಾರ ಮೀಶೋ, ಅಮೆಜಾನ್, ಫ್ಲಿಪ್‌ಕಾರ್ಟ್‌ವರೆಗೆ ಬಂದಿದೆ. ಮನೆಯಿಂದ ಹೊರಗೆ ಹೋಗಿ ಅಂಗಡಿ ಹಾಕಲಾಗದವರಿಗೂ ಇದರಿಂದ ನಾಲ್ಕು ಕಾಸು ಬರುತ್ತದೆ. ಆದ್ದರಿಂದ ನಾನು ಈ ವ್ಯಾಪಾರದ ಪರವಾಗಿಯೇ ಬರೆಯುತ್ತಿದ್ದೇನೆ. ಆದರೆ ಇದು ನಮ್ಮ ಕೈಯಲ್ಲಿ ಉಳಿಯಬೇಕಾದರೆ ಒಂದು ಕೆಲಸ ಆಗಬೇಕು. ಮಾರುವ ವಸ್ತುವಿಗೆ ಅದರ ನಿಜವಾದ ಹೆಸರನ್ನೇ ಬರೆಯಬೇಕು.

ಚಡಚಣ ಮೊದಲಿನಿಂದಲೂ ವ್ಯಾಪಾರದ ಊರು. ಮದುವೆ ಬಟ್ಟೆ ಖರೀದಿಗೆ ಸುತ್ತಲಿನ ಊರುಗಳಿಂದ ಮಾತ್ರವಲ್ಲ, ಗಡಿ ದಾಟಿ ಮಹಾರಾಷ್ಟ್ರದಿಂದಲೂ ಜನ ಇಲ್ಲಿಗೆ ಬರುತ್ತಾರೆ. ಬಟ್ಟೆ ಕೊಂಡವರು ಬಳೆ, ಸರ, ಓಲೆಯನ್ನೂ ಕೊಳ್ಳುತ್ತಾರೆ. ನಮ್ಮ ಭಾಗದಲ್ಲಿ ಬಳೆ ಮತ್ತು ಮಣಿ ಮಾರುವ ಮುಸ್ಲಿಂ ಕುಟುಂಬಗಳಿಗೆ ಮಣಿಯಾರ ಎಂಬ ಅಡ್ಡಹೆಸರೇ ಬಂದಿದೆ. ಫಿರೋಜಾಬಾದಿನ ಗಾಜಿನ ಬಳೆ ನಮ್ಮೂರಿನ ಕೈಗಳಿಗೆ ಬಂದದ್ದು ಇಂಥವರ ಮೂಲಕ. ಈದ್ ಹಿಂದಿನ ರಾತ್ರಿ, ನಾಗರಪಂಚಮಿ, ಜಾತ್ರೆ, ಕುಬುಸದ ಕಾರ್ಯ, ಯಾವುದೇ ಇರಲಿ, ಬಳೆಗಾರರು ಬೇಕೇ ಬೇಕು.

ಕೆ. ಎಸ್. ನರಸಿಂಹಸ್ವಾಮಿಯವರ ಬಳೆಗಾರ ಚೆನ್ನಯ್ಯನ ಹೆಸರನ್ನು ಕೇಳದ ಕನ್ನಡಿಗರು ಕಡಿಮೆ. ಅವನು ಬಳೆ ಮಾರುವುದರ ಜೊತೆಗೆ ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಮುಟ್ಟಿಸುತ್ತಾನೆ. ಅಂದರೆ ಅವನ ಮಾತನ್ನು ಜನ ನಂಬುತ್ತಾರೆ. ಬಳೆಗಾರರ ನಿಜವಾದ ಬಂಡವಾಳ ಆ ನಂಬಿಕೆಯೇ. ನಮ್ಮ ಖಾಲಾ ಬಳೆ ಇಡಿಸುವಾಗ ಕೈಯಲ್ಲೇ ಒಂದು ಒಡೆದರೆ ಅದರ ದುಡ್ಡನ್ನು ಗಿರಾಕಿಯಿಂದ ಕೇಳುವುದಿಲ್ಲ. 'ನನ್ನ ಕೈಯಾಗ ಒಡದದ್ದು ನಂದs' ಅನ್ನುತ್ತಾರೆ. ಮುಂದಿನ ಹಬ್ಬಕ್ಕೆ ಅದೇ ಗಿರಾಕಿ ಅವರನ್ನೇ ಹುಡುಕಿಕೊಂಡು ಬರುತ್ತಾರೆ.

ಆನ್‌ಲೈನ್ ಮಾರುಕಟ್ಟೆಯಲ್ಲಿ ಗಿರಾಕಿಗೆ ನಮ್ಮ ಮುಖ ಕಾಣುವುದಿಲ್ಲ, ವಸ್ತು ಕೈಗೆ ಸಿಗುವುದಿಲ್ಲ. ಅವರಿಗೆ ಸಿಗುವುದು ಫೋಟೋ ಮತ್ತು ಅದರ ಕೆಳಗೆ ನಾವು ಬರೆದ ನಾಲ್ಕು ಸಾಲು. ಆ ನಾಲ್ಕು ಸಾಲಿನಲ್ಲೇ ನಂಬಿಕೆ ಹುಟ್ಟಬೇಕು. ಆದರೆ ಅಲ್ಲಿ ಏನು ಬರೆದಿರುತ್ತದೆ ನೋಡಿ. ಇನ್ನೂರು ರೂಪಾಯಿಯ ಸರಕ್ಕೆ 'ಒರಿಜಿನಲ್ ಕ್ರಿಸ್ಟಲ್'. ರಾಳದಲ್ಲಿ ಅಚ್ಚು ಹಾಕಿದ ಗೊಂಬೆಗೆ 'ಮಾರ್ಬಲ್'. ಯಂತ್ರದಲ್ಲಿ ಮಾಡಿದ ಬಣ್ಣದ ಆಟಿಕೆಗೆ 'ಚನ್ನಪಟ್ಟಣದ್ದು'.

ಮೊದಲು ಕ್ರಿಸ್ಟಲ್ ಎಂದರೆ ಏನು ಎಂದು ತಿಳಿದುಕೊಳ್ಳೋಣ. ಈ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ನೆಲದಿಂದ ಸಿಗುವ ಸ್ಫಟಿಕ, ಅಂದರೆ ಕ್ವಾರ್ಟ್ಜ್ ಕಲ್ಲು. ಎರಡು, ಕ್ರಿಸ್ಟಲಿನಂತೆ ಮುಖ ಕತ್ತರಿಸಿ ಹೊಳಪು ಕೊಟ್ಟ ಗಾಜು. ಮೂರು, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಸ್ಫಟಿಕ ಮತ್ತು ಗಾಜು ಎರಡರಲ್ಲೂ ಸಿಲಿಕಾವೇ ಮುಖ್ಯ. ಆದರೆ ಸ್ಫಟಿಕದಲ್ಲಿ ಕಣಗಳು ಸಾಲಾಗಿ ಜೋಡಣೆಯಾಗಿರುತ್ತವೆ, ಗಾಜಿನಲ್ಲಿ ಹಾಗಿರುವುದಿಲ್ಲ. ಗಟ್ಟಿತನದ ಅಳತೆಯಲ್ಲಿ ಸ್ಫಟಿಕಕ್ಕೆ 7, ಸಾಮಾನ್ಯ ಗಾಜಿಗೆ ಸುಮಾರು 5.5.

ಮನೆಯಲ್ಲೇ ನೋಡಬಹುದಾದ ವ್ಯತ್ಯಾಸಗಳೂ ಇವೆ. ಗಾಜಿನ ಒಳಗೆ ಕೆಲವೊಮ್ಮೆ ಸಣ್ಣ ಗುಂಡನೆಯ ಗಾಳಿಗುಳ್ಳೆ ಕಾಣುತ್ತವೆ. ಸ್ಫಟಿಕದ ಗುಂಡನ್ನು ಒಂದು ಕೂದಲೆಳೆಯ ಮೇಲೆ ಹಿಡಿದು ತಿರುಗಿಸುತ್ತಾ ಹೋದರೆ ಯಾವುದೋ ಒಂದು ಕೋನದಲ್ಲಿ ಕೂದಲು ಎರಡಾಗಿ ಕಾಣುತ್ತದೆ. ಗಾಜಿನಲ್ಲಿ ಒಂದೇ ಕಾಣುತ್ತದೆ. ಅಕ್ರಿಲಿಕ್ ಕೈಗೆ ಹಗುರ, ಮುಟ್ಟಿದರೆ ಗಾಜಿನಷ್ಟು ತಣ್ಣಗೆ ಇರುವುದಿಲ್ಲ.

ಗಾಜು ಎಂದು ಬರೆದರೆ ಬೆಲೆ ಬೀಳುತ್ತದೆ ಎಂಬ ಹೆದರಿಕೆ ನಮಗಿದೆ. ಆದರೆ ಕ್ರಿಸ್ಟಲ್ ಆಭರಣದಲ್ಲಿ ಜಗತ್ತಿನ ಅತಿ ಹೆಸರಾದ ಕಂಪನಿ ಮಾರುವುದೂ ಗಾಜನ್ನೇ. ಡೇನಿಯಲ್ ಸ್ವರೋವ್‌ಸ್ಕಿ 1892ರಲ್ಲಿ ಗಾಜು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದರು. 1895ರಲ್ಲಿ ಆಸ್ಟ್ರಿಯಾದ ವಾಟೆನ್ಸ್ ಎಂಬ ಸಣ್ಣ ಊರಿನಲ್ಲಿ ಕಾರ್ಖಾನೆ ಶುರು ಮಾಡಿದರು. 1976ರಲ್ಲಿ ಆ ಕಂಪನಿ ತೂಗುದೀಪದ ಗಾಜಿನ ತುಂಡುಗಳನ್ನು ಜೋಡಿಸಿದ ಒಂದು ಪುಟ್ಟ ಇಲಿಯನ್ನು ಹೊರತಂದಿತು. ಅಲ್ಲಿಂದ ಅದರ ಗೊಂಬೆಗಳನ್ನು ಸಂಗ್ರಹಿಸುವ ಹವ್ಯಾಸವೇ ಬೆಳೆಯಿತು. ಜನ ಅಲ್ಲಿ ದುಡ್ಡು ಕೊಡುವುದು ಕತ್ತರಿಸಿದ ನಯಕ್ಕೆ, ಹೊಳಪಿಗೆ, ಹೆಸರಿಗೆ. ಗಾಜು ಎಂಬ ಕಾರಣಕ್ಕೆ ಯಾರೂ ಬಿಟ್ಟು ಹೋಗಿಲ್ಲ.

ಗೊಂಬೆಗಳ ವಿಷಯದಲ್ಲಿ ನಮ್ಮ ರಾಜ್ಯದ್ದೇ ಉದಾಹರಣೆಗಳಿವೆ. ಚನ್ನಪಟ್ಟಣದ ಆಟಿಕೆಯನ್ನು ಹಾಲೆ ಮರದಲ್ಲಿ ಮಾಡಿ ಅರಗಿನ ಬಣ್ಣ ಹಚ್ಚುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಕುಟುಂಬಗಳು ಮರದ ಗೊಂಬೆ ಮಾಡುತ್ತವೆ. ಬೀದರಿನ ಬಿದರಿ ಕಲೆಯಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುತ್ತಾರೆ. ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆ ಕಡೆ ಮಾಡಿದ ಮಾಲಿಗೆ ಈ ಹೆಸರು ಹಚ್ಚಿ ಮಾರುವುದು 1999ರ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಹಾಗಿರಲಿ, ನಾವು ಒಂದು ನಕಲಿ ಗೊಂಬೆ ಮಾರಿದಾಗ ನಮ್ಮಂಥದೇ ಒಂದು ಮನೆಯ ಸಂಪಾದನೆ ಕಡಿಮೆಯಾಗುತ್ತದೆ.

ಗೃಹಪ್ರವೇಶಕ್ಕೆ, ಮದುವೆಗೆ ಉಡುಗೊರೆಯಾಗಿ ಹೋಗುವ 'ಜರ್ಮನ್ ಸಿಲ್ವರ್' ವಸ್ತುಗಳನ್ನೂ ಗಮನಿಸಿ. ಹೆಸರಿನಲ್ಲಿ ಸಿಲ್ವರ್ ಇದ್ದರೂ ಅದರಲ್ಲಿ ಬೆಳ್ಳಿ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕುತ್ತಿಗೆ, ಕಿವಿ ಕೆಂಪಾಗಿ ತುರಿಸುತ್ತದೆ. ಆದ್ದರಿಂದ 'ಬೆಳ್ಳಿಯ ಓಲೆ' ಎಂದು ಬರೆದು ನಿಕ್ಕಲ್ ಇರುವ ಓಲೆ ಕಳಿಸಿದರೆ ದುಡ್ಡಿನ ಜೊತೆಗೆ ಇನ್ನೊಬ್ಬರ ಮೈಗೂ ತೊಂದರೆ ಕೊಟ್ಟಂತೆ.

ಈಗ ನಮ್ಮ ಕಾಮರ್ಸ್ ಲೆಕ್ಕಕ್ಕೆ ಬರೋಣ. ಇದು ತಿಳಿಯಲೆಂದು ನಾನು ಹಾಕಿದ ಲೆಕ್ಕ, ಅಂಕಿಗಳು ಒಬ್ಬೊಬ್ಬರಿಗೆ ಬೇರೆಯಾಗುತ್ತವೆ. ಒಂದು ಸರದ ಖರೀದಿ ಬೆಲೆ 110 ರೂಪಾಯಿ, ಡಬ್ಬಿ ಮತ್ತು ಗುಳ್ಳೆ ಹಾಳೆಗೆ 20 ರೂಪಾಯಿ, ಒಟ್ಟು 130. ಎಲ್ಲ ಕಡಿತದ ನಂತರ ನಮ್ಮ ಖಾತೆಗೆ ಬರುವುದು 190 ಎಂದುಕೊಳ್ಳಿ. ಒಂದಕ್ಕೆ 60 ರೂಪಾಯಿ ಲಾಭ. ಹತ್ತು ಸರ ಕಳಿಸಿದರೆ 600.

ಅದರಲ್ಲಿ ಎರಡು ವಾಪಸ್ ಬಂದರೆ? ಎಂಟರ ಲಾಭ 480. ಒಂದು ರಿಟರ್ನಿಗೆ ಕೊರಿಯರ್ ಖರ್ಚು 120ರಂತೆ 240 ಹೋಯಿತು, ಹಾಳಾದ ಪ್ಯಾಕಿಂಗ್ 40 ಹೋಯಿತು. ಉಳಿದದ್ದು 200. ಮೂರು ವಾಪಸ್ ಬಂದರೆ ಏಳರ ಲಾಭ 420, ರಿಟರ್ನ್ ಖರ್ಚು 360, ಪ್ಯಾಕಿಂಗ್ 60. ಉಳಿದದ್ದು ಸೊನ್ನೆ. ಆ ಮೂರರಲ್ಲಿ ಒಂದು ಒಡೆದು ಬಂದರೆ ಕೈಯಿಂದ 110 ರೂಪಾಯಿ ಹೋಗುತ್ತದೆ. ಹತ್ತು ಸರ ಪ್ಯಾಕ್ ಮಾಡಿ, ಅಂಚೆ ಕಚೇರಿಗೋ ಕೊರಿಯರಿಗೋ ಓಡಾಡಿದ ಆಪಾನ ದುಡಿಮೆಗೆ ಕೂಲಿಯೂ ಇಲ್ಲ, ಮೇಲೆ ನಷ್ಟ.

ವಸ್ತು ಯಾಕೆ ವಾಪಸ್ ಬರುತ್ತದೆ? ಕೆಲವು ದಾರಿಯಲ್ಲಿ ಒಡೆಯುತ್ತವೆ, ಕೆಲವನ್ನು ಗಿರಾಕಿ ಮನಸ್ಸು ಬದಲಿಸಿ ಕಳಿಸುತ್ತಾರೆ. ಇವು ನಮ್ಮ ಕೈಯಲ್ಲಿಲ್ಲ. ಆದರೆ 'ಫೋಟೋದಲ್ಲಿ ಇದ್ದಂತೆ ಇಲ್ಲ', 'ಇದು ಕ್ರಿಸ್ಟಲ್ ಅಲ್ಲ' ಎಂದು ಬರುವ ರಿಟರ್ನ್ ಪೂರ್ತಿ ನಮ್ಮ ಕೈಯಲ್ಲಿದೆ. ಲಾಭ 60 ರೂಪಾಯಿ, ರಿಟರ್ನ್ ಖರ್ಚು 140 ಇರುವಾಗ ಸುಳ್ಳು ಹೆಸರು ನಮಗೇ ದುಬಾರಿ.

2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳೂ ಇದನ್ನೇ ಹೇಳುತ್ತವೆ. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಾಟಗಾರರು ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಗಿರಾಕಿಯ ವೇಷದಲ್ಲಿ ತಮ್ಮ ಮಾಲಿಗೆ ತಾವೇ ಐದು ನಕ್ಷತ್ರ ಕೊಟ್ಟುಕೊಳ್ಳುವಂತಿಲ್ಲ. ಗೆಳತಿಯರ ಗುಂಪಿನಲ್ಲಿ 'ಸ್ವಲ್ಪ ರಿವ್ಯೂ ಹಾಕ್ರೇ' ಎಂದು ಕೇಳುವವರು ಇದನ್ನು ನೆನಪಿಡಬೇಕು.

'ಎಲ್ಲರೂ ಹಾಗೇ ಬರೆಯುತ್ತಾರೆ, ಕ್ರಿಸ್ಟಲ್ ಎನ್ನದಿದ್ದರೆ ಹುಡುಕಾಟದಲ್ಲಿ ನಮ್ಮ ಮಾಲು ಸಿಗುವುದೇ ಇಲ್ಲ' ಎಂದು ಹಲವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಥವಿದೆ. ಅದಕ್ಕೆ ಉಪಾಯವೂ ಇದೆ. 'ಕ್ರಿಸ್ಟಲ್ ಕಟ್ ಗಾಜಿನ ಮಣಿ ಸರ' ಎಂದು ಬರೆಯಿರಿ. ಹುಡುಕುವ ಪದ ಅದರಲ್ಲೇ ಇದೆ, ಸುಳ್ಳಿಲ್ಲ. 'ಹೋಲ್‌ಸೇಲ್ ಅಂಗಡಿಯವರು ಏನು ಕೊಡುತ್ತಾರೋ ನಮಗೇನು ಗೊತ್ತು' ಎನ್ನುವವರೂ ಇದ್ದಾರೆ. ಅಂಗಡಿಯವರನ್ನು ಕೇಳಬೇಕು. ಅವರು ಹೇಳದಿದ್ದರೆ ನಾವು ಕಣ್ಣಾರೆ ಕಂಡಷ್ಟನ್ನು ಬರೆಯಬೇಕು. ಉದ್ದ ಎಷ್ಟು, ಮಣಿ ಎಷ್ಟು, ತೂಕ ಎಷ್ಟು, ಕೊಂಡಿ ಯಾವ ಬಣ್ಣ. ಬಿಸಿಲಿನಲ್ಲಿ ತೆಗೆದ ಒಂದು ಫೋಟೋ, ಅಂಗೈ ಮೇಲಿಟ್ಟು ತೆಗೆದ ಇನ್ನೊಂದು ಫೋಟೋ ಹಾಕಿದರೆ ಅಳತೆಯ ಜಗಳವೂ ಬರುವುದಿಲ್ಲ. ಕನ್ನಡ, ಉರ್ದು, ಮರಾಠಿ ಮೂರನ್ನೂ ಆಡುವ ಊರು ನಮ್ಮದು. ಗಿರಾಕಿಯ ಪ್ರಶ್ನೆಗೆ ಅವರ ಭಾಷೆಯಲ್ಲೇ ಉತ್ತರ ಕೊಡುವ ಅನುಕೂಲ ನಮಗಿದೆ.

ವಸ್ತುವಿನ ಹೆಸರಿನಂತೆ ಮಾರುವವರ ಹೆಸರೂ ನಿಜವಾಗಿರಬೇಕು. 1872ರ ಕರಾರು ಕಾಯ್ದೆಯ ಪ್ರಕಾರ 18 ತುಂಬದವರು ಕರಾರು ಮಾಡಲಾರರು. ಹಾಗಾಗಿ ನಮ್ಮಲ್ಲಿ ಹೆಚ್ಚಿನವರ ಖಾತೆ ಅಮ್ಮಿಯ ಅಥವಾ ಆಪಾನ ಹೆಸರಿನಲ್ಲಿ ಇರುತ್ತದೆ. ಅದು ತಪ್ಪಲ್ಲ. ಆದರೆ ಪ್ಯಾನ್, ಬ್ಯಾಂಕ್ ಖಾತೆ, ವಿಳಾಸ ಎಲ್ಲ ಅವರದಾದ ಮೇಲೆ ಹೊಣೆಯೂ ಅವರದೇ. ನಾವು ಏನು ಬರೆದು ಹಾಕುತ್ತಿದ್ದೇವೆ ಎಂದು ಅವರಿಗೆ ಓದಿ ಹೇಳಬೇಕು. ದೂರು ಬಂದರೆ ಅದು ಅಮ್ಮಿಯ ಹೆಸರಿಗೇ ಬರುತ್ತದೆ.

ಜಿಎಸ್‌ಟಿ ವಿಷಯವೂ ಹೀಗೆಯೇ. ಮೊದಲು ತೆರಿಗೆ ಇರುವ ಸರಕನ್ನು ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಲು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ವಿನಾಯಿತಿ ಸಿಕ್ಕಿದೆ. ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷದೊಳಗೆ ಇದ್ದರೆ, ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲಿನಲ್ಲಿ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಮಾರಬಹುದು. ಆದರೆ ರಾಜ್ಯದ ಒಳಗೆ ಮಾತ್ರ. ಚಡಚಣದಿಂದ ಬೀದರಿಗೆ, ಮಂಗಳೂರಿಗೆ ಕಳಿಸಬಹುದು. ಪಕ್ಕದ ಸೊಲ್ಲಾಪುರಕ್ಕೆ ಕಳಿಸುವಂತಿಲ್ಲ. ಸೊಲ್ಲಾಪುರದ ಗಿರಾಕಿ ನಮ್ಮ ಬಜಾರಿಗೆ ಬಂದು ಸರ ಕೊಂಡು ಹೋದರೆ ಯಾರೂ ನೋಂದಣಿ ಕೇಳುವುದಿಲ್ಲ. ಅದೇ ಸರ ಆನ್‌ಲೈನಿನಲ್ಲಿ ಅವರ ಮನೆಗೆ ಹೋಗಬೇಕಾದರೆ ಬೇಕು. ಗಡಿ ಊರಿನವರಿಗೆ ಈ ನಿಯಮ ಕಷ್ಟವೇ. ಇದನ್ನು ಸಡಿಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಇನ್ನೊಬ್ಬರ ಜಿಎಸ್‌ಟಿ ಸಂಖ್ಯೆ ಹಾಕಿ ಮಾರುವುದು ಬೇಡ. ಹೆಸರಿನ ಮೇಲೆ ತೆರಿಗೆಯೂ ನಿಂತಿರುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಹೇಳುತ್ತೇನೆ. ಸಾದಾ ಗಾಜಿನ ಬಳೆಗೆ ಜಿಎಸ್‌ಟಿಯೇ ಇಲ್ಲ, ಗಾಜಿನ ಮಣಿ ಸರಕ್ಕೆ ಇದೆ.

ನಮ್ಮ ಕಾಲೇಜಿನಿಂದ ಒಂದು ಸಣ್ಣ ಕೆಲಸ ಆಗಬಹುದು. ವ್ಯವಹಾರ ಅಧ್ಯಯನದಲ್ಲಿ ನಾವು ಇ-ಬಿಸಿನೆಸ್ ಓದುತ್ತೇವೆ, ಗ್ರಾಹಕ ಸಂರಕ್ಷಣೆ ಓದುತ್ತೇವೆ, ಪರೀಕ್ಷೆಯಲ್ಲಿ ಬರೆದು ಮರೆಯುತ್ತೇವೆ. ಅದರ ಬದಲು ತಿಂಗಳಿಗೆ ಒಂದು ಶನಿವಾರ ಕಾಮರ್ಸ್ ವಿಭಾಗದಲ್ಲಿ ಒಂದು ಮೇಜು ಹಾಕೋಣ. ಮನೆಯಲ್ಲಿ ಮಾರಾಟ ಮಾಡುವವರು ಒಂದು ವಸ್ತು ಮತ್ತು ಅದರ ವಿವರಣೆಯನ್ನು ತರಲಿ. ಸೈನ್ಸ್ ಗೆಳೆಯರು ಅದು ಗಾಜೋ ಅಕ್ರಿಲಿಕ್ಕೋ ನೋಡಿ ಹೇಳಲಿ. ನಾವು ಲಾಭ ನಷ್ಟದ ಲೆಕ್ಕ ಹಾಕಿ ಕೊಡುತ್ತೇವೆ. ಕನ್ನಡ ಮತ್ತು ಉರ್ದು ಚೆನ್ನಾಗಿ ಬರೆಯುವವರು ವಿವರಣೆ ತಿದ್ದಿ ಕೊಡಲಿ. ಇದಕ್ಕೆ ಒಂದು ಕೋಣೆ ಮತ್ತು ಎರಡು ತಾಸು ಸಾಕು. ಪ್ರಾಂಶುಪಾಲರು ಮತ್ತು ಉಪನ್ಯಾಸಕರು ಇದಕ್ಕೆ ಒಪ್ಪಿಗೆ ಕೊಡಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇನೆ. ಮೊದಲ ಶನಿವಾರಕ್ಕೆ ಖಾಲಾ ಅವರ ಅಂಗಡಿಯಿಂದ ಮಣಿ ಸರಗಳನ್ನು ತರುವ ಜವಾಬ್ದಾರಿ ನನ್ನದು.