ಮಾಡು ಸೋರುತ್ತಿದೆ, ಅರ್ಜಿ ಯಾರು ಹಾಕುವುದು?

ಕಳೆದ ರಜೆಯಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ ಹೋಗಿದ್ದೆ. ನಮ್ಮೂರಿನ ಪರಿಚಯದವರೊಬ್ಬರು ಆ ಭಾಗದಲ್ಲಿ ಬಹಳ ವರ್ಷದಿಂದ ವ್ಯಾಪಾರ ಮಾಡಿಕೊಂಡಿದ್ದಾರೆ. ‘ಆವನಿ ನೋಡದೆ ಹೋಗಬೇಡಿ’ ಅಂತ ಕರೆದುಕೊಂಡು ಹೋದರು. ನೊಳಂಬರ ಕಾಲದ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು ಅಲ್ಲಿ ಒಂದೇ ಆವರಣದಲ್ಲಿ ಉಂಟು. ಸಾವಿರ ವರ್ಷ ಹಳೆಯ ಕಲ್ಲಿನ ಕೆಲಸ. ನೋಡಿ ಸಂತೋಷವಾಯಿತು.

ವಾಪಸ್ ಬರುವಾಗ ಮಳೆ ಹಿಡಿಯಿತು. ಒಂದು ಹಳೆಯ ಅಂಗಡಿಯಲ್ಲಿ ಚಾ ಕುಡಿಯಲು ಕೂತೆವು. ಗಿರಾಕಿಗಳು ಕೂರುವ ಬೆಂಚಿನ ಪಕ್ಕದಲ್ಲೇ ಎರಡು ಬಕೆಟ್ ಇಟ್ಟಿದ್ದರು, ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ‘ರಿಪೇರಿ ಮಾಡಿಸಬಾರದಾ?’ ಅಂತ ಕೇಳಿದೆ. ‘ಎಲ್ಲಿ ಸಾರ್, ಗುಡಿ ಹತ್ತಿರ ಒಂದು ಇಟ್ಟಿಗೆ ಅಲ್ಲಾಡಿಸಿದ್ರೂ ಕೇಸ್ ಆಗುತ್ತೆ’ ಅಂದರು ಅಂಗಡಿಯವರು. ಯಾರು ಹೇಳಿದ್ದು ಅಂತ ಕೇಳಿದರೆ, ‘ಎಲ್ಲರೂ ಹೇಳ್ತಾರೆ’.

ಈ ‘ಎಲ್ಲರೂ ಹೇಳ್ತಾರೆ’ ಅನ್ನುವುದೇ ನನ್ನ ಇವತ್ತಿನ ವಿಷಯ. ಎಲ್ಲರೂ ಹೇಳುವುದು ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪು ಅರ್ಧದಿಂದಲೇ ಬಡ ವ್ಯಾಪಾರಿಗಳಿಗೆ ನಷ್ಟ.

ಸರಿ ಇರುವುದು ಇಷ್ಟು. ಆವನಿಯ ಗುಡಿಗಳು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಇಂಥ ಸ್ಮಾರಕದ ಸುತ್ತ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ. ಅದರ ಆಚೆ ಇನ್ನೂ ಕನಿಷ್ಠ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗೋಪುರದಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಆದರೆ ಅದೇ ಕಾಯ್ದೆ ರಿಪೇರಿಗೆ ಬಾಗಿಲು ಮುಚ್ಚಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡ, ಅಥವಾ ಆಮೇಲೆ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ ಕಟ್ಟಡವಾದರೆ, 100 ಮೀಟರ್ ಒಳಗೂ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ನಿಯಂತ್ರಿತ ಪ್ರದೇಶದಲ್ಲಾದರೆ ಹೊಸ ಕಟ್ಟಡಕ್ಕೂ ಹಾಕಬಹುದು. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ. ಅವರು 15 ದಿನದಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿಂದ ಎರಡು ತಿಂಗಳಲ್ಲಿ ಅಭಿಪ್ರಾಯ ಬರಬೇಕು. ಮತ್ತೆ ಒಂದು ತಿಂಗಳಲ್ಲಿ ಹೌದು ಅಥವಾ ಇಲ್ಲ ಅಂತ ಹೇಳಬೇಕು. ಕಾನೂನಿನಲ್ಲಿ ಇರುವ ಲೆಕ್ಕ ಇದು.

ಹಾಗಾದರೆ ಜನ ಯಾಕೆ ಅರ್ಜಿ ಹಾಕುವುದಿಲ್ಲ? ಮೊದಲನೆಯದು ಹೆದರಿಕೆ. 2011ರ ಜುಲೈಯಲ್ಲಿ ಹಂಪಿ ಬಜಾರಿನ ಅಂಗಡಿ, ಮನೆಗಳನ್ನು ಕೆಡವಿದ್ದು ಎಲ್ಲರ ನೆನಪಲ್ಲಿ ಉಂಟು. ಅರ್ಜಿ ಹಾಕಿದರೆ ಅಧಿಕಾರಿಗಳ ಕಣ್ಣಿಗೆ ಬೀಳುತ್ತೇವೆ, ಸುಮ್ಮನಿದ್ದರೆ ಬಚಾವ್ ಅನ್ನುವ ಲೆಕ್ಕ. ಎರಡನೆಯದು ಗೊಂದಲ. ಪ್ರಾಧಿಕಾರದ ಒಪ್ಪಿಗೆ ಸಿಕ್ಕಿದರೂ ಅದೇ ಲೈಸೆನ್ಸ್ ಅಲ್ಲ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ, ಕೋಲಾರದಂಥ ಪೇಟೆಯಲ್ಲಿ ನಗರಸಭೆಯ ಅನುಮತಿ ಬೇರೆಯೇ ಬೇಕು. ಒಂದು ಮಾಡಿಗೆ ಎರಡು ಬಾಗಿಲು ತಟ್ಟಬೇಕು, ಒಂದು ಬಾಗಿಲಿನವರಿಗೆ ಇನ್ನೊಂದರ ವಿಷಯ ಗೊತ್ತಿರಬೇಕು ಅಂತೇನಿಲ್ಲ.

ಮೂರನೆಯದು ನಮ್ಮವರಿಗೆ ನೇರವಾಗಿ ತಟ್ಟುವಂಥದ್ದು. ಘಟ್ಟದ ಮೇಲೆ ಹೋಗಿ ಬೇಕರಿ, ಹೋಟೆಲ್, ಬಟ್ಟೆ ಅಂಗಡಿ ನಡೆಸುವ ಬ್ಯಾರಿಗಳಲ್ಲಿ ಬಾಡಿಗೆದಾರರು ಎಷ್ಟೋ ಮಂದಿ. ನಿಷೇಧಿತ ಪ್ರದೇಶದಲ್ಲಿ ರಿಪೇರಿಯ ಅರ್ಜಿ ಹಾಕುವ ಹಕ್ಕನ್ನು ಕಾನೂನು ಕೊಟ್ಟಿರುವುದು ಕಟ್ಟಡದ ಮಾಲೀಕನಿಗೆ. ಸೋರುವುದು ಬಾಡಿಗೆದಾರನ ತಲೆ ಮೇಲೆ, ಸಹಿ ಹಾಕಬೇಕಾದವರು ಇನ್ನೊಬ್ಬರು. ಮಾಲೀಕರಿಗೆ ತಿಂಗಳ ಬಾಡಿಗೆ ಬಂದರೆ ಸಾಕು, ದಾಖಲೆ ಹುಡುಕುವ ರಗಳೆ ಬೇಡ. ಕೊನೆಗೆ ಎಂತ ಆಗುತ್ತದೆ? ಒಂದೋ ರಾತ್ರೋರಾತ್ರಿ ಕದ್ದು ಶೀಟ್ ಹಾಕಿಸುತ್ತಾರೆ, ಯಾರಾದರೂ ದೂರು ಕೊಟ್ಟರೆ ಸಿಕ್ಕಿಬೀಳುತ್ತಾರೆ. ಇಲ್ಲವೇ ಬಕೆಟ್ ಇಟ್ಟುಕೊಂಡು ಕೂರುತ್ತಾರೆ, ಒಂದು ದಿನ ಜಂತಿ ಮುರಿದು ಯಾರ ಮೇಲಾದರೂ ಬೀಳುತ್ತದೆ. ಶಿವರಾತ್ರಿ ಜಾತ್ರೆಗೆ ಆವನಿಗೆ ಎಷ್ಟು ಜನ ಸೇರುತ್ತಾರೆ ಅಂತ ಯೋಚಿಸಿ. ಜೀವದ ಪ್ರಶ್ನೆ ಇದು.

ಇದು ಆವನಿಯ ಕಥೆ ಮಾತ್ರ ಅಲ್ಲ. ವಿಜಯಪುರ, ಶ್ರೀರಂಗಪಟ್ಟಣ, ಹಳೇಬೀಡಿನಲ್ಲೂ ಇದೇ ಕಾಯ್ದೆ. ನಮ್ಮ ಕರಾವಳಿಯಲ್ಲಿ ಕಾರ್ಕಳದ ಗೊಮ್ಮಟ, ಚತುರ್ಮುಖ ಬಸದಿಯ ಸುತ್ತಲೂ ಇದೇ.

ಕಾಯ್ದೆ ಸಡಿಲ ಮಾಡಿ ಅಂತ ನಾನು ಕೇಳುವುದಿಲ್ಲ. ಸಾವಿರ ವರ್ಷದ ಗುಡಿ ಯಾವ ಒಂದು ಜಾತಿ, ಧರ್ಮದವರ ಸೊತ್ತಲ್ಲ, ನಮ್ಮ ಮಕ್ಕಳಿಗೂ ಅದು ಬೇಕು. ನಾನು ಕೇಳುವುದು ಮೂರು ಸಣ್ಣ ವಿಷಯ. ಸ್ಮಾರಕ ಇರುವ ಪ್ರತಿ ಊರಿನ ಪಂಚಾಯಿತಿಯಲ್ಲಿ ಯಾವ ಸರ್ವೆ ನಂಬರ್ 100 ಮೀಟರ್ ಒಳಗೆ, ಯಾವುದು ಆಚೆ ಅಂತ ಕನ್ನಡದ ನಕ್ಷೆ ಹಾಕಲಿ. ಅರ್ಜಿ ತುಂಬಲು, ದಾಖಲೆ ಜೋಡಿಸಲು ಅಲ್ಲೇ ಒಬ್ಬರು ತಿಂಗಳಿಗೊಮ್ಮೆ ಸಿಗುವಂತಾಗಲಿ. ಹೆಂಚು ಬದಲಿಸುವುದಕ್ಕೂ ಕಟ್ಟಡದ ಸ್ವರೂಪ ಬದಲಿಸುವುದಕ್ಕೂ ಒಂದೇ ಕಾಯುವಿಕೆ ಬೇಡ, ಸಣ್ಣ ರಿಪೇರಿ ಬೇಗ ಮುಗಿಯಲಿ.

ನಮ್ಮ ತಪ್ಪೂ ಉಂಟು, ಹೇಳದೆ ಇರಬಾರದು. ‘ರಿಪೇರಿ’ ಅಂತ ಹೇಳಿ ಇನ್ನೊಂದು ಮಾಳಿಗೆ ಏರಿಸುವವರು ಇದ್ದಾರೆ. ಒಬ್ಬರು ಹಾಗೆ ಮಾಡಿದರೆ ನಿಜವಾಗಿ ಮಾಡು ಸೋರುವ ಹತ್ತು ಮಂದಿಯ ಅರ್ಜಿಯನ್ನೂ ಅಧಿಕಾರಿಗಳು ಸಂಶಯದಿಂದ ನೋಡುತ್ತಾರೆ. ಸುಳ್ಳು ಹೇಳಿ ಕಟ್ಟಿದ ಗೋಡೆಯಲ್ಲಿ ಬರಕತ್ತು ಇರುವುದಿಲ್ಲ.

ಬಾಡಿಗೆ ಅಂಗಡಿ ಇರುವವರು ಮೊದಲು ಒಂದು ಕೆಲಸ ಮಾಡಿ. ಕರಾರು ಪತ್ರ ಬರೆಯುವಾಗಲೇ, ರಿಪೇರಿ ಅರ್ಜಿಗೆ ಮಾಲೀಕರು ಸಹಿ ಹಾಕಿ ಕೊಡಬೇಕು ಅಂತ ಒಂದು ಸಾಲು ಸೇರಿಸಿ. ಕಟ್ಟಡ 1992ಕ್ಕಿಂತ ಹಳೆಯದು ಅಂತ ತೋರಿಸುವ ಕಂದಾಯದ ರಸೀದಿ, ಹಳೆಯ ಕರೆಂಟ್ ಬಿಲ್ ಇದ್ದರೆ ಜೋಪಾನ ಮಾಡಿ. ಆ ಚಾ ಅಂಗಡಿಯವರಿಗೂ ಇದನ್ನೇ ಹೇಳಿ ಬಂದಿದ್ದೇನೆ. ಮಾಲೀಕರ ಹತ್ತಿರ ಮಾತಾಡ್ತೀನಿ ಅಂದಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲು ಆ ಬಕೆಟ್ ಎರಡೂ ಒಳಗೆ ಹೋದರೆ ಸಾಕು.