ಮೊಡವೆಯನ್ನು ತಮಾಷೆ ಮಾಡಬೇಡಿ, ಲೇಸರಿಗೆ ಅವಸರ ಮಾಡಬೇಡಿ

ಬೆಳಗ್ಗೆ ಮದ್ರಸ ಬಿಟ್ಟು ಮಕ್ಕಳೆಲ್ಲ ಶಾಲೆಗೆ ಓಡಿದ ಮೇಲೆ ಒಬ್ಬ ತಾಯಿ ಗೇಟಿನ ಬಳಿ ನಿಂತಿದ್ದರು. ಅವರ ಸಣ್ಣ ಮಗ ನನ್ನ ಕ್ಲಾಸಿನಲ್ಲಿದ್ದಾನೆ. ಅವನ ವಿಷಯ ಇರಬೇಕೆಂದುಕೊಂಡೆ. ಸಲಾಂ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಬೇರೆ. "ಉಸ್ತಾದರೇ, ಒಂದು ಮಸ್‌ಅಲ ಕೇಳ್ಬೇಕಿತ್ತು. ದೊಡ್ಡ ಮಗಳ ಮುಖದಲ್ಲಿ ಮೊಡವೆಯ ಗುಂಡಿ ಉಂಟು. ಲೇಸರ್ ಮಾಡಿಸಿದರೆ ಹರಾಮಾ?"

ಮಗಳಿಗೆ 19 ವರ್ಷ. ಎರಡು ಕಡೆಯವರು ಹೆಣ್ಣು ನೋಡಿ ಹೋಗಿದ್ದಾರೆ. ಎರಡನೇ ಸಲ ಬಂದ ಹೆಂಗಸರಲ್ಲಿ ಒಬ್ಬರು ಚಹಾ ಕುಡಿಯುತ್ತಾ ಎಲ್ಲರೆದುರೇ "ಮುಖಕ್ಕೆ ಎಂತ ಆದದ್ದು?" ಎಂದು ಕೇಳಿದರಂತೆ. ಅಂದಿನಿಂದ ಹುಡುಗಿ ಮದುವೆ ಮನೆಗೆ ಹೋಗುವುದಿಲ್ಲ. ಹೆಂಗಸರ ನಡುವೆಯೂ ನಿಖಾಬ್ ತೆಗೆಯುವುದಿಲ್ಲ. ಪೇಟೆಯ ಒಂದು ಪಾರ್ಲರಿನವರು "ಪ್ಯಾಕೇಜ್ ತಗೊಳ್ಳಿ, ಒಂದೇ ತಿಂಗಳಲ್ಲಿ ಮುಖ ಕ್ಲೀನ್" ಎಂದಿದ್ದಾರೆ. ದುಡ್ಡಿಗೆ ಆ ತಾಯಿ ಬಳೆ ಅಡವಿಡಲು ತಯಾರಾಗಿದ್ದರು.

ಮಸ್‌ಅಲದ ಉತ್ತರ ಕಷ್ಟದ್ದಲ್ಲ. ರೋಗ ಬಂದರೆ ಮದ್ದು ಮಾಡಬೇಕೆಂದು ನಬಿಯವರು (ಸ) ಕಲಿಸಿದ್ದಾರೆ. ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ (ರ) ಎಂಬ ಸಹಾಬಿ ಬೆಳ್ಳಿಯ ಮೂಗು ಮಾಡಿಸಿಕೊಂಡಿದ್ದರು. ಅದು ವಾಸನೆ ಬರತೊಡಗಿದಾಗ ಚಿನ್ನದ ಮೂಗು ಮಾಡಿಸಿಕೊಳ್ಳಲು ನಬಿಯವರೇ ಹೇಳಿದರು. ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಹೇಳಿದರು ಎಂಬುದನ್ನು ಗಮನಿಸಬೇಕು. ಸರಿಯಾಗಿಯೇ ಇರುವ ಮುಖವನ್ನು ಇನ್ನೂ ಚಂದ ಕಾಣಲೆಂದು ಬದಲಿಸುವುದು ಬೇರೆ, ರೋಗದಿಂದ ಬಂದ ದೋಷವನ್ನು ಸರಿಪಡಿಸಿಕೊಳ್ಳುವುದು ಬೇರೆ. ಮೊಡವೆಯ ಗುಂಡಿ ಎರಡನೇ ಸಾಲಿಗೆ ಸೇರುತ್ತದೆ. ಆ ತಾಯಿಗೆ ಇಷ್ಟನ್ನು ಹೇಳಿದೆ. ಆಮೇಲೆ ನಾನೇ ಮರುಪ್ರಶ್ನೆ ಕೇಳಿದೆ: "ಈಗಲೂ ಹೊಸ ಮೊಡವೆ ಬರ್ತಾ ಉಂಟಾ? ಚರ್ಮದ ಡಾಕ್ಟರಿಗೆ ತೋರಿಸಿದ್ದೀರಾ?" ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದರು. ಹರಾಮೋ ಹಲಾಲೋ ಎಂದು ಕೇಳಲು ಉಸ್ತಾದರ ಹತ್ತಿರ ಬಂದವರು ಡಾಕ್ಟರ ಹತ್ತಿರ ಇನ್ನೂ ಹೋಗಿರಲಿಲ್ಲ. ಈ ಲೇಖನ ಬರೆಯಬೇಕೆಂದು ಅನಿಸಿದ್ದು ಆಗಲೇ.

ಮೊಡವೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ತಪ್ಪು ನಡೆಯುತ್ತದೆ. 14-15ರ ಪ್ರಾಯದಲ್ಲಿ ಮೊಡವೆ ಬಂದಾಗ ನಗುತ್ತೇವೆ. "ಪ್ರಾಯದ ಮೊಡವೆ, ಮದುವೆ ಆದ್ರೆ ಹೋಗ್ತದೆ", "ಎಣ್ಣೆ ತಿಂಡಿ ಬಿಡು", "ಮುಖ ತೊಳೀದೆ ಆದದ್ದು" ಎನ್ನುತ್ತೇವೆ. ಕೆಲವು ಮನೆಗಳಲ್ಲಿ ಲಿಂಬೆಹುಳಿ, ಟೂತ್‌ಪೇಸ್ಟ್ ಕೂಡಾ ಹಚ್ಚುತ್ತಾರೆ. ಐದು ವರ್ಷ ಕಳೆದು ಸಂಬಂಧ ಹುಡುಕುವ ಹೊತ್ತಿಗೆ ಅದೇ ಮುಖ ನೋಡಿ ಗಾಬರಿಯಾಗಿ, ಸಿಕ್ಕಿದಲ್ಲಿ ಲೇಸರಿಗೆ ಓಡುತ್ತೇವೆ. ಮೊದಲನೇ ತಪ್ಪು ಮಾಡದಿದ್ದರೆ ಎಷ್ಟೋ ಜನರಿಗೆ ಎರಡನೆಯದರ ಅಗತ್ಯವೇ ಬರುವುದಿಲ್ಲ.

ಮೊಡವೆ ಕೊಳಕಿನಿಂದ ಬರುವುದಲ್ಲ. ಪ್ರಾಯಕ್ಕೆ ಬರುವಾಗ ಹಾರ್ಮೋನು ಏರಿ ಚರ್ಮದೊಳಗಿನ ಎಣ್ಣೆಯ ಗ್ರಂಥಿ ಜಾಸ್ತಿ ಕೆಲಸ ಮಾಡುತ್ತದೆ, ರೋಮದ ಬುಡದ ರಂಧ್ರ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಬೆಳೆದು ಉರಿಯೂತವಾಗುತ್ತದೆ. ಆ ಉರಿಯೂತ ಆಳಕ್ಕೆ ಹೋದರೆ ಚರ್ಮದ ಒಳಗಿನ ಆಧಾರವನ್ನೇ ತಿಂದುಹಾಕುತ್ತದೆ. ಗುಂಡಿ ಬೀಳುವುದು ಹಾಗೆ. ಉಗುರಿನಿಂದ ಒತ್ತಿ ಒಡೆದರೆ ಇನ್ನೂ ಬೇಗ ಬೀಳುತ್ತದೆ. ಗುಂಡಿ ಬೀಳದೆ ಬರೀ ಕಪ್ಪು ಅಥವಾ ಕೆಂಪು ಗುರುತು ಉಳಿದಿದ್ದರೆ ಅದು ಬಿಸಿಲಿನಿಂದ ಕಾಪಾಡಿಕೊಂಡಲ್ಲಿ ತಿಂಗಳುಗಳಲ್ಲಿ ತಾನೇ ಮಾಸುತ್ತಾ ಬರುತ್ತದೆ. ಗುಂಡಿ ಹಾಗೆ ತಾನಾಗಿ ತುಂಬುವುದಿಲ್ಲ. ಎಷ್ಟೋ ಮನೆಯವರು ಈ ಎರಡನ್ನೂ ಒಂದೇ ಎಂದುಕೊಂಡು ಬೇಡದ ಖರ್ಚು ಮಾಡುತ್ತಾರೆ.

ನಾನು ಹತ್ತಿರದಿಂದ ನೋಡಿದ ಇಬ್ಬರ ಅನುಭವ ಹೇಳುತ್ತೇನೆ.

ಒಬ್ಬಳು ನನ್ನ ತಂಗಿಯ ಮಗಳು. ನಾಲ್ಕು ವರ್ಷ ಮನೆಮದ್ದಿನಲ್ಲೇ ಕಳೆದು ಕೊನೆಗೆ ಚರ್ಮರೋಗ ತಜ್ಞೆಯ ಹತ್ತಿರ ಹೋದಾಗ ಅವಳು ಮೊದಲು ಕೇಳಿದ್ದೇ ಲೇಸರ್. ಡಾಕ್ಟರಮ್ಮ ಒಪ್ಪಲಿಲ್ಲ. "ಹೊಸ ಮೊಡವೆ ಬರ್ತಿರುವಾಗ ಹಳೇ ಗುಂಡಿ ಮುಚ್ಚಿ ಎಂತ ಪ್ರಯೋಜನ?" ಎಂದರು. ಆರು ತಿಂಗಳು ಮಾತ್ರೆ, ಕ್ರೀಮು. ಮೊಡವೆ ನಿಂತ ಮೇಲೆ ಆರಾರು ವಾರದ ಅಂತರದಲ್ಲಿ ನಾಲ್ಕು ಸಿಟ್ಟಿಂಗ್ ಲೇಸರ್. ಹಣ ಆಯಾ ಸಿಟ್ಟಿಂಗಿಗೆ ಮಾತ್ರ ತೆಗೆದುಕೊಂಡರು, ಒಟ್ಟಿಗೆ ಕೇಳಲಿಲ್ಲ.

ಅವಳು ಹೇಳಿದ್ದು ಹೀಗೆ. ಮರಗಟ್ಟುವ ಮುಲಾಮು ಹಚ್ಚಿ ಸುಮಾರು ಒಂದು ಗಂಟೆ ಕೂರಿಸಿದರು. ಕಣ್ಣಿಗೆ ಮುಚ್ಚಳ ಇಟ್ಟರು. ಬಿಸಿ ಸೂಜಿ ಚುಚ್ಚಿದ ಹಾಗೆ ಆಯಿತು, ಕೂದಲು ಸುಟ್ಟ ವಾಸನೆ ಬಂತು. ಆ ಸಂಜೆಯೆಲ್ಲ ಒಲೆಯ ಬುಡದಲ್ಲಿ ಕೂತಂತೆ ಮುಖ ಉರಿಯಿತು. ಮರುದಿನ ಊತ. ಮೂರನೇ ದಿನದಿಂದ ಮುಖವೆಲ್ಲ ಕಂದು ಬಣ್ಣವಾಗಿ ಮರಳುಕಾಗದದಂತೆ ಒರಟಾಯಿತು. ವಾರದಲ್ಲಿ ಆ ಸಿಪ್ಪೆ ಉದುರಿತು. ಕೀಳಬಾರದೆಂದು ಡಾಕ್ಟರು ಮೊದಲೇ ಹೇಳಿದ್ದರು, ಕೀಳಲಿಲ್ಲ. ನಾಲ್ಕೂ ಮುಗಿದು ಕೆಲವು ತಿಂಗಳಾದ ಮೇಲೆ ನಾನು ನೋಡಿದಾಗ ಗುಂಡಿಗಳ ಆಳ ಅರ್ಧದಷ್ಟು ಕಡಿಮೆಯಾಗಿತ್ತು. ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಈಗಲೂ ಕಾಣುತ್ತದೆ. "ಪೂರಾ ಹೋಗ್ಲಿಲ್ಲ ಮಾಮ. ಆದ್ರೆ ಕನ್ನಡಿ ನೋಡಿದ್ರೆ ಈಗ ಮೊದಲು ಅದೇ ಕಣ್ಣಿಗೆ ಬೀಳುವುದಿಲ್ಲ" ಎಂದಳು. ಲೇಸರಿನಿಂದ ಏನು ಸಿಗುತ್ತದೆ ಎಂದು ಕೇಳಿದರೆ ಇದಕ್ಕಿಂತ ಸರಿಯಾದ ಉತ್ತರ ನನಗೆ ಗೊತ್ತಿಲ್ಲ.

ಇನ್ನೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಯಾರೋ ಹೇಳಿದರೆಂದು ಒಂದು ಟ್ಯೂಬ್ ಕ್ರೀಮ್ ತಂದು ಹಚ್ಚಿದ. ವಾರದಲ್ಲಿ ಮುಖ ಬೆಳ್ಳಗಾಯಿತು, ಖುಷಿಯಾಯಿತು. ಬಿಟ್ಟ ಕೂಡಲೇ ಎರಡು ಪಾಲು ಮೊಡವೆ, ಉರಿ. ಮತ್ತೆ ಹಚ್ಚಿದ. ಒಂದು ವರ್ಷ ಹೀಗೇ ನಡೆಯಿತು. ಅದರಲ್ಲಿ ಇದ್ದದ್ದು ಸ್ಟೀರಾಯ್ಡ್ ಎಂದು ಅವನಿಗೆ ಗೊತ್ತಾದದ್ದು ಆಮೇಲೆ. ಚರ್ಮ ತೆಳ್ಳಗಾಗಿದ್ದ ಅದೇ ಮುಖವನ್ನು ಹೊತ್ತುಕೊಂಡು ಡಾಕ್ಟರೇ ಇಲ್ಲದ ಒಂದು ಜಾಗದಲ್ಲಿ ಲೇಸರ್ ಮಾಡಿಸಿದ. ಯಾವ ಮದ್ದು ಹಚ್ಚುತ್ತಿದ್ದಿ ಎಂದು ಯಾರೂ ಕೇಳಲಿಲ್ಲ. ಬಿಸಿಲಿಗೆ ಹೋಗಬೇಡ ಎಂದೂ ಹೇಳಲಿಲ್ಲ. ಮೂರನೇ ದಿನ ಬೈಕಿನಲ್ಲಿ ಕೆಲಸಕ್ಕೆ ಹೋದ. ಎರಡೂ ಕೆನ್ನೆಯಲ್ಲಿ ಕಪ್ಪು ಪಟ್ಟೆ ಎದ್ದು ವರ್ಷವಾದರೂ ಪೂರ್ತಿ ಹೋಗಲಿಲ್ಲ. "ಗುಂಡಿ ಹತ್ತಿರ ಬಂದ್ರೆ ಕಾಣ್ತಿತ್ತು ಉಸ್ತಾದ್, ಇದು ರಸ್ತೆಯ ಆಚೆಯಿಂದ್ಲೇ ಕಾಣ್ತದೆ" ಎಂದ. ನಗುತ್ತಲೇ ಹೇಳಿದ, ಆದರೆ ಮುಖ ತಿರುಗಿಸಿ ಹೇಳಿದ.

ಇಬ್ಬರಿಗೂ ಮಾಡಿದ್ದು ಲೇಸರೇ. ಹಾಗಾದರೆ ಫಲ ಯಾಕೆ ಬೇರೆಯಾಯಿತು? ಈಗ ಗುಂಡಿಗಳಿಗೆ ಹೆಚ್ಚಾಗಿ ಬಳಸುವುದು ಫ್ರ್ಯಾಕ್ಷನಲ್ ಲೇಸರ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರಾರು ಗಾಯಗಳನ್ನು ಮಾಡಿ, ನಡುನಡುವೆ ಒಳ್ಳೆಯ ಚರ್ಮವನ್ನು ಬಿಡುತ್ತದೆ. ಆ ಗಾಯ ಮಾಯುವಾಗ ಒಳಗೆ ಹೊಸ ಕೊಲಾಜನ್ ಕಟ್ಟಿ ಗುಂಡಿ ಸ್ವಲ್ಪ ಸ್ವಲ್ಪ ಮೇಲೇಳುತ್ತದೆ. ಇದಕ್ಕೆ ತಿಂಗಳುಗಳು ಬೇಕು. ಅಂದರೆ ಲೇಸರ್ ಮಾಡುವುದು ಗಾಯ, ಗುಣ ಮಾಡುವುದು ಶರೀರ. ನಮ್ಮಂಥ ಕಂದು ಚರ್ಮದವರಿಗೆ ಗಾಯವಾದಲ್ಲಿ ಕಪ್ಪಾಗುವ ಸ್ವಭಾವ ಜಾಸ್ತಿ. ಯಂತ್ರದ ಶಕ್ತಿಯನ್ನು ಎಷ್ಟಕ್ಕೆ ಇಡಬೇಕು, ಯಾರಿಗೆ ಈಗ ಬೇಡ ಎಂದು ಹೇಳಬೇಕು ಎಂಬುದು ಕಲಿತವರಿಗೇ ಗೊತ್ತು. ಎಲ್ಲ ಗುಂಡಿಗೂ ಲೇಸರ್ ಒಂದೇ ಮದ್ದೂ ಅಲ್ಲ. ಸೂಜಿಯಿಂದ ಚುಚ್ಚಿದಂಥ ಕಿರಿದಾದ ಆಳ ಗುಂಡಿಗೆ ಬೇರೆ ಚಿಕಿತ್ಸೆ, ಅಗಲವಾಗಿ ತಗ್ಗಿದ್ದಕ್ಕೆ ಬೇರೆ, ಉಬ್ಬಿ ಗಂಟಾದ ಕಲೆಗೆ ಬೇರೆ.

ಕ್ರೀಮಿನ ವಿಷಯವನ್ನೂ ಸಣ್ಣದೆಂದು ಬಿಡುವ ಹಾಗಿಲ್ಲ. ಸ್ಟೀರಾಯ್ಡ್ ಇರುವ ಹಲವು ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲೇ ಹೇಳಿದೆ. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚಿದ ಹಲವರಿಗೆ ಕಿಡ್ನಿಯ ಕಾಯಿಲೆ ಕಂಡುಬಂತು, ಕ್ರೀಮುಗಳಲ್ಲಿ ಪಾದರಸ ಸಿಕ್ಕಿತು. ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಸೆಂಟ್, ಖರ್ಜೂರದ ಜೊತೆ ಇಂಥ ಡಬ್ಬಗಳೂ ಬರುತ್ತವೆ. ಹೆಸರು, ತಯಾರಕರ ವಿಳಾಸ, ಒಳಗೆ ಏನಿದೆ ಎಂಬ ವಿವರ ಇಲ್ಲದ ಡಬ್ಬವನ್ನು ಪ್ರೀತಿಯಿಂದ ಯಾರೇ ತಂದುಕೊಟ್ಟರೂ ಮಕ್ಕಳ ಮುಖಕ್ಕೆ ಹಚ್ಚಬೇಡಿ.

ಲೇಸರ್ ಮಾಡಿಸುವವರು ಕೆಲವು ಪ್ರಶ್ನೆ ಕೇಳಲು ನಾಚಬಾರದು. ಯಂತ್ರ ಹಿಡಿಯುವವರು ಚರ್ಮರೋಗ ತಜ್ಞರೋ? ಅವರ ನೋಂದಣಿ ಸಂಖ್ಯೆ, ಕ್ಲಿನಿಕ್ಕಿನ ಕೆಪಿಎಂಇ ನೋಂದಣಿ ಎಲ್ಲಿದೆ? ನನ್ನ ಮುಖಕ್ಕೆ ಎಷ್ಟು ಸಿಟ್ಟಿಂಗ್, ಎಷ್ಟು ಖರ್ಚು, ಎಷ್ಟು ಸುಧಾರಣೆ? ಪೂರ್ತಿ ಹೋಗುತ್ತದೆ ಎಂದು ಗ್ಯಾರಂಟಿ ಕೊಡುವವರಲ್ಲಿಂದ ಎದ್ದು ಬನ್ನಿ. ನಿಮ್ಮ ಕಡೆಯಿಂದಲೂ ಏನೂ ಮುಚ್ಚಿಡಬೇಡಿ. ತಿನ್ನುವ ಮಾತ್ರೆ, ಹಚ್ಚುವ ಕ್ರೀಮು, ಗಾಯವಾದರೆ ಉಬ್ಬುವ ಚರ್ಮ, ತುಟಿಯಲ್ಲಿ ಆಗಾಗ ಏಳುವ ಗುಳ್ಳೆ, ಗರ್ಭಿಣಿಯಾಗಿರುವುದು, ಎಲ್ಲ ಹೇಳಬೇಕು. ಜೋರಾದ ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಹಾನಿ ಮಾಡುತ್ತದೆ. ಅದನ್ನು ತಿನ್ನುವಾಗಲೂ, ಬಿಟ್ಟ ಮೇಲೆ ಕನಿಷ್ಠ ಒಂದು ತಿಂಗಳೂ ಗರ್ಭ ಧರಿಸಬಾರದು. ಮದುವೆ ಹತ್ತಿರ ಇರುವ ಹುಡುಗಿಯಾದರೆ ಉಮ್ಮಂದಿರೇ ಇದನ್ನು ಡಾಕ್ಟರಲ್ಲಿ ಬಾಯಿಬಿಟ್ಟು ಹೇಳಬೇಕು. ಖರ್ಚಿನ ಹೆದರಿಕೆ ಇದ್ದವರು ಸರಕಾರಿ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಮೊದಲು ತೋರಿಸಲಿ. ನಮ್ಮ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರಗಾಲವಿಲ್ಲ.

ನನಗೆ ಹೆಚ್ಚು ಬರುವ ಪ್ರಶ್ನೆ ವುಝೂವಿನದ್ದು. ಮುಖಕ್ಕೆ ನೀರು ಎಷ್ಟು ಹೊತ್ತು ತಾಗಿಸಬಾರದು ಎಂದು ಡಾಕ್ಟರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ನೀರಿನಿಂದ ಹಾನಿ ಇದ್ದರೆ ಶರೀಅತ್ತಿನಲ್ಲಿ ರಿಯಾಯಿತಿ ಉಂಟು. ಹೇಗೆ ಮಾಡಬೇಕೆಂದು ನಿಮ್ಮ ಮೊಹಲ್ಲಾದ ಉಸ್ತಾದರಲ್ಲಿ ಕೇಳಿ, ನಮಾಝ್ ಬಿಡಬೇಡಿ. ನೀರು ಒಳಗೆ ಹೋಗದಂಥ ದಪ್ಪ ಸನ್‌ಸ್ಕ್ರೀನ್ ಇದ್ದರೆ ತೊಳೆದು ವುಝೂ ಮಾಡಿ ಮತ್ತೆ ಹಚ್ಚಿಕೊಳ್ಳಿ. ನಮಾಝಿನ ನೆಪ ಹೇಳಿ ಸನ್‌ಸ್ಕ್ರೀನ್ ಬಿಡುವುದೂ ಬೇಡ, ಸನ್‌ಸ್ಕ್ರೀನಿನ ನೆಪ ಹೇಳಿ ನಮಾಝ್ ಬಿಡುವುದೂ ಬೇಡ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ನನ್ನ ಎರಡೂ ಕೆನ್ನೆಯಲ್ಲಿ ಮೊಡವೆಯ ಗುಂಡಿಗಳಿವೆ. ನನಗೆ ಹೆಣ್ಣು ನೋಡುವಾಗ ನನ್ನ ಮುಖದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. "ದೀನ್ ಉಂಟು, ಕೆಲಸ ಉಂಟು, ಸಾಕು" ಎಂದರು. ನನ್ನಂಥದ್ದೇ ಮುಖದ ಹುಡುಗಿಗೆ ಮಾತ್ರ ಚಹಾ ಕುಡಿಯುತ್ತಾ ಆ ಪ್ರಶ್ನೆ ಕೇಳುತ್ತಾರೆ. ಲೇಸರಿಗಿಂತ ಆಳಕ್ಕೆ ಹೋಗುವುದು ಆ ಮಾತು. ಅದನ್ನು ಆಡಿದವರು ಮನೆಗೆ ಹೋಗುವ ದಾರಿಯಲ್ಲೇ ಮರೆತಿರುತ್ತಾರೆ, ಕೇಳಿಸಿಕೊಂಡವಳು ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾಳೆ. ಸಂಬಂಧ ಬೇಡವಾದರೆ ಬೇಡ ಎನ್ನಿ, ಮುಖದ ಲೆಕ್ಕ ಹೇಳಬೇಡಿ. ಹಾಗೆಯೇ, ಮಗಳು ಡಾಕ್ಟರಿಗೆ ತೋರಿಸಬೇಕು ಎಂದರೆ "ಅಲ್ಲಾಹು ಕೊಟ್ಟ ಮುಖ, ಸಬ್ರ್ ಮಾಡು" ಎಂದು ಬಾಯಿ ಮುಚ್ಚಿಸಬೇಡಿ. ನಮ್ಮ ಹಲ್ಲು ನೋವಿಗೆ ನಾವು ಸಬ್ರ್ ಮಾಡಿ ಕೂರುವುದಿಲ್ಲವಲ್ಲ?

ಆ ತಾಯಿ ಎರಡು ವಾರ ಬಿಟ್ಟು ಮತ್ತೆ ಸಿಕ್ಕಿದರು. ಬಳೆ ಕೈಯಲ್ಲೇ ಇತ್ತು. ಮಗಳನ್ನು ಚರ್ಮದ ಡಾಕ್ಟರಿಗೆ ತೋರಿಸಿದ್ದಾರೆ. ಮೊದಲು ಮೊಡವೆ ನಿಲ್ಲಲಿ, ಲೇಸರಿನ ಮಾತು ಆರು ತಿಂಗಳ ಮೇಲೆ ಎಂದಿದ್ದಾರಂತೆ. "ಅಷ್ಟರವರೆಗೆ ಯಾರಾದ್ರೂ ನೋಡ್ಲಿಕ್ಕೆ ಬಂದ್ರೆ ಎಂತ ಮಾಡುವುದು ಉಸ್ತಾದರೇ?" ಎಂದು ಕೇಳಿದರು.

"ಬರಲಿ. ಮಗಳು ಈಗ ಹೇಗಿದ್ದಾಳೋ ಹಾಗೇ ನೋಡಲಿ" ಎಂದೆ.