‘ಅಲ್ಪ’ ಕಿವುಡೆಂದು ಅಲಕ್ಷ್ಯ ಬೇಡ

ಕರೆದರೆ ತಿರುಗಿ ನೋಡುವುದಿಲ್ಲ, ಟಿ.ವಿ. ಮಾತ್ರ ಜೋರಾಗಿ ಬೇಕು ಎಂದು ಮಕ್ಕಳನ್ನು ಗದರುವ ತಂದೆತಾಯಿಯರು ಬಹಳ. ಶಾಲೆಯಲ್ಲಿ ಇಂಥ ಮಗುವಿಗೆ ‘ಮೊದ್ದು’ ಎಂಬ ಬಿರುದು ಬೇರೆ. ಅದಕ್ಕೆ ಬೇಕಾದದ್ದು ಗದರಿಕೆಯಲ್ಲ, ಶ್ರವಣ ಪರೀಕ್ಷೆ.

ಪರೀಕ್ಷೆಯಾದ ಮೇಲೆ ಹೆಚ್ಚಿನವರ ಪ್ರಶ್ನೆ ಒಂದೇ: ‘ಶೇಕಡಾ ಎಷ್ಟು ಕೇಳಿಸುತ್ತದೆ?’ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಶೇಕಡಾ ಲೆಕ್ಕ ಬೇಕು, ನಿಜ. ಆದರೆ ಆಡಿಯೋಗ್ರಾಂ ಹೇಳುವುದು, ಬೇರೆ ಬೇರೆ ಸ್ವರಗಳು ಎಷ್ಟು ಡೆಸಿಬಲ್ ಜೋರಾದಾಗ ಕಿವಿಗೆ ಬೀಳುತ್ತವೆ ಎಂಬುದನ್ನು. ಹಿಂದೆ 25 ಡೆಸಿಬಲ್‌ವರೆಗೂ ತೊಂದರೆಯಿಲ್ಲ ಎಂದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2021ರ ವರದಿಯಲ್ಲಿ ಈ ಗೆರೆಯನ್ನು 20ಕ್ಕೆ ಇಳಿಸಿತು. 20ರಿಂದ 35ರೊಳಗಿನದು ‘ಅಲ್ಪ’, 35ರಿಂದ 50ರೊಳಗಿನದು ‘ಮಧ್ಯಮ’, ಹೀಗೆಯೇ ಮುಂದಕ್ಕೆ.

ನನ್ನ ತಕರಾರು ಈ ‘ಅಲ್ಪ’ ಎಂಬ ಪದದ ಮೇಲೆ. ನಿಶ್ಶಬ್ದ ಕೋಣೆಯಲ್ಲಿ ಅಲ್ಪವೆನಿಸಿದ್ದು ಅರವತ್ತು ಮಕ್ಕಳ ಗದ್ದಲದ ತರಗತಿಯಲ್ಲಿ ಅಲ್ಪವಲ್ಲ. ಟೀಚರ್ ಪಾಠ ಮಾಡುತ್ತಿರುವುದು ತಿಳಿಯುತ್ತದೆ, ಸ, ಫ, ತ ಮುಂತಾದ ಅಕ್ಷರಗಳು ಜಾರಿಹೋಗುತ್ತವೆ. ಮಾತು ಕಲಿಯುವ ವಯಸ್ಸಿನ ಮಗುವಿಗೆ ಇದು ಸಣ್ಣ ನಷ್ಟವೇ?

ಇನ್ನೊಂದು ಮಾತು. ತೊಂದರೆ ಎಷ್ಟು ಎಂಬುದರ ಜೊತೆಗೆ ಎಲ್ಲಿ ಎಂಬುದೂ ಗೊತ್ತಾಗಬೇಕು. ಅದಕ್ಕೆ ಕಿವಿಯ ಹಿಂದಿನ ಮೂಳೆಯ ಮೂಲಕ ಸದ್ದು ಕೇಳಿಸಿ ನೋಡುತ್ತಾರೆ, ಟಿಂಪನೋಮೆಟ್ರಿಯನ್ನೂ ಮಾಡುತ್ತಾರೆ. ಕಿವಿಗೆ ಮೆತ್ತನೆಯ ಬಿರಡೆಯಿಟ್ಟು, ಗಾಳಿಯ ಒತ್ತಡವನ್ನು ಹೆಚ್ಚುಕಡಿಮೆ ಮಾಡಿ, ತಮಟೆ ಹೇಗೆ ಅಲುಗುತ್ತದೆಂದು ಅಳೆಯುವ ಪರೀಕ್ಷೆ ಇದು. ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ. ಅಮೆರಿಕದ ಜೇಮ್ಸ್ ಜರ್ಗರ್ 1970ರಲ್ಲಿ ಪ್ರಕಟಿಸಿದ ವಿಂಗಡಣೆ ಈಗಲೂ ಬಳಕೆಯಲ್ಲಿದೆ. ಗೆರೆ ಮಧ್ಯದಲ್ಲಿ ಶಿಖರದಂತೆ ಎದ್ದರೆ ‘ಎ’. ಶಿಖರ ಪಕ್ಕಕ್ಕೆ ಸರಿದರೆ ‘ಸಿ’. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಒಯ್ಯುವ ನಳಿಕೆ ಸರಿಯಾಗಿ ತೆರೆಯುತ್ತಿಲ್ಲ. ಚಪ್ಪಟೆಯಾದರೆ ‘ಬಿ’, ಸಾಮಾನ್ಯವಾಗಿ ತಮಟೆಯ ಹಿಂದೆ ದ್ರವ ನಿಂತಿದೆ. ತಮಟೆಯಲ್ಲಿ ತೂತಿದ್ದರೂ ಗುಗ್ಗೆ ತುಂಬಿದ್ದರೂ ಗೆರೆ ಚಪ್ಪಟೆಯಾಗಬಹುದು, ಆದ್ದರಿಂದ ವೈದ್ಯರು ಕಿವಿಯೊಳಗೆ ನೋಡಲೇಬೇಕು. ‘ಎ’ ಬಂದಿತೆಂದು ನಿಶ್ಚಿಂತರಾಗಬೇಡಿ. ನರದ ಕಿವುಡಿನಲ್ಲೂ ಗೆರೆ ‘ಎ’ ಆಗಿಯೇ ಇರಬಹುದು!

ಮಕ್ಕಳಲ್ಲಿ ಈ ದ್ರವ ಅನೇಕ ವೇಳೆ ಮೂರು ತಿಂಗಳೊಳಗೆ ತಾನೇ ಇಂಗುತ್ತದೆ. ಅಲ್ಲಿಯವರೆಗೆ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಮುಖ ನೋಡಿ ಮಾತಾಡಿ. ಇಂಗದಿದ್ದರೆ ತಮಟೆಯಲ್ಲಿ ಪುಟ್ಟ ಕೊಳವೆ ಇಡುವ ಶಸ್ತ್ರಚಿಕಿತ್ಸೆ ಇದೆ. ಅಂಗಡಿಯಲ್ಲಿ ಒಂದೇ ಪರೀಕ್ಷೆ ಮಾಡಿಸಿ, ಅಂದೇ ಸಾವಿರಾರು ರೂಪಾಯಿ ತೆತ್ತು ಶ್ರವಣಯಂತ್ರ ಕೊಳ್ಳುವವರು ಈ ಎರಡನೆಯ ಚೀಟಿಯನ್ನೂ ಕೇಳಿ ಪಡೆಯಲಿ.